ಶಾಲಾ ಗ್ರಂಥಾಲಯದ ಕೆಲಸವನ್ನು ಮಕ್ಕಳ ಕೈಗೊಪ್ಪಿಸುವ ಬಗೆ: ಕರಾವಳಿಯ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಶಾಲಾ ಗ್ರಂಥಾಲಯದಲ್ಲಿ ಚಟುವಟಿಕೆ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಬಣ್ಣದ ಕಾಗದ ಕತ್ತರಿಸಿ ಗೋಡೆಗೆ ಅಂಟಿಸುವುದು, ಘೋಷವಾಕ್ಯ ಬರೆಸುವುದು, ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಒಂದು ಭಾಷಣ ಸ್ಪರ್ಧೆ ನಡೆಸಿ ಫೋಟೊ ತೆಗೆದು ಮುಗಿಸುವುದು. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಸಪ್ತಾಹ ಕಳೆದ ಮರುದಿನ ಕಪಾಟಿನ ಸ್ಥಿತಿ ಹಿಂದಿನ ವಾರದಂತೆಯೇ ಇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಮತ್ತು ಕಾರವಾರದ ನಡುವಿನ ಶಾಲೆಗಳಲ್ಲಿ ಪಾಠದ ಜೊತೆಗೆ ಗ್ರಂಥಾಲಯದ ಹೊಣೆಯನ್ನೂ ಹೊತ್ತ ವರ್ಷಗಳಲ್ಲಿ ನಾನು ಒಂದೇ ಪ್ರಶ್ನೆಯನ್ನು ಅಳತೆಗೋಲಾಗಿ ಇಟ್ಟುಕೊಂಡೆ: ಈ ಚಟುವಟಿಕೆ ಮುಗಿದ ಮೇಲೆ ಬೇರೊಂದು ಮಗು ಬಳಸಬಹುದಾದ ಏನಾದರೂ ಗ್ರಂಥಾಲಯದಲ್ಲಿ ಉಳಿಯುತ್ತದೆಯೇ? ಉಳಿಯುತ್ತದೆಯೆಂದಾದರೆ ಅದಕ್ಕೆ ಸಮಯ ಕೊಡಬೇಕು, ಇಲ್ಲವೆಂದಾದರೆ ಬಿಡಬೇಕು. ಹೀಗೆ ಸೋಸಿದಾಗ ಕೊನೆಗೆ ಉಳಿದದ್ದು ಗ್ರಂಥಾಲಯದ ನಿಜವಾದ ಕೆಲಸಗಳೇ, ಅಂದರೆ ಎಣಿಸುವುದು, ವಿಂಗಡಿಸುವುದು, ದಾಖಲಿಸುವುದು, ಹರಿದದ್ದನ್ನು ಸರಿಪಡಿಸುವುದು ಮತ್ತು ಹೊಸ ಪುಸ್ತಕ ಮಾಡುವುದು.

ಹೊರಡುವ ಮುನ್ನ: ಬೀಗ ಮತ್ತು ಭಯ

ಪ್ರತಿಯೊಂದು ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕ ಹಾಗೂ ಕಥೆಪುಸ್ತಕಗಳನ್ನು ಒಳಗೊಂಡ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಪುಸ್ತಕಗಳು ಇರುವುದೂ ಹೌದು, ಆದರೆ ಅವು ಬೀಗದೊಳಗೆ ಇರುತ್ತವೆ. ಇದಕ್ಕೆ ಶಿಕ್ಷಕರ ಸೋಮಾರಿತನ ಕಾರಣವಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿರುವ ಪುಸ್ತಕ ಕಳೆದರೆ ತಾನು ಉತ್ತರ ಹೇಳಬೇಕಾದೀತೆಂಬ ಭಯ ಕಾರಣ. ನಾನೂ ಮೊದಲ ವರ್ಷ ಕೀಲಿಯನ್ನು ನನ್ನ ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದೆ. ಆಗಸ್ಟಿನಲ್ಲಿ ಕಪಾಟು ತೆರೆದಾಗ ಕೆಳಗಿನ ಎರಡು ಸಾಲುಗಳ ಪುಸ್ತಕಗಳೆಲ್ಲ ಬಿಳಿ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮಕ್ಕಳು ಹರಿಯುವುದಕ್ಕಿಂತ ಹೆಚ್ಚಿನ ಹಾನಿಯನ್ನು ಬೀಗವೇ ಮಾಡಿತ್ತು.

ಆದ್ದರಿಂದ ಮಕ್ಕಳನ್ನು ಒಳಗೆ ಕರೆಯುವ ಮೊದಲು ಮುಖ್ಯೋಪಾಧ್ಯಾಯರೊಂದಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಂದಿಗೂ ಮಾತನಾಡಿ, ಬಳಕೆಯಿಂದ ಸವೆದ ಮತ್ತು ಕಳೆದುಹೋದ ಪುಸ್ತಕಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆದುಕೊಳ್ಳುವ ಪದ್ಧತಿಯನ್ನು ಒಪ್ಪಿಸಿಕೊಳ್ಳಿ. ಈ ಒಂದು ಪುಟದ ಬರವಣಿಗೆ ಇಲ್ಲದಿದ್ದರೆ ಮುಂದೆ ಹೇಳುವ ಯಾವ ಕೆಲಸವೂ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ.

ಅನಂತರ ಆರರಿಂದ ಎಂಟನೆಯ ತರಗತಿಯವರೆಗಿನ ಆರು ಮಕ್ಕಳ ಒಂದು ತಂಡ ಮಾಡಿ, ತಿಂಗಳಿಗೆ ಇಬ್ಬರಂತೆ ಬದಲಾಯಿಸುತ್ತ ಹೋಗಿ. ಒಮ್ಮೆಲೇ ಆರೂ ಜನರನ್ನು ಬದಲಾಯಿಸಿದರೆ ಕೆಲಸ ಕಲಿಸುವವರು ಯಾರೂ ಉಳಿಯುವುದಿಲ್ಲ. ಚೆನ್ನಾಗಿ ಓದುವವರನ್ನೇ ಆರಿಸುವ ಚಟವನ್ನು ಇಲ್ಲಿ ಬಿಡಬೇಕು. ಅಂಟು ಹಚ್ಚುವುದಕ್ಕೂ ದಾರ ಹೊಲಿಯುವುದಕ್ಕೂ ಅಂಕಪಟ್ಟಿಗೂ ಸಂಬಂಧವಿಲ್ಲ, ಮನೆಯಲ್ಲಿ ಬಲೆಯ ಕಣ್ಣು ಸರಿಪಡಿಸಿ ಬಲ್ಲ ಹುಡುಗನ ಬೆರಳು ನನ್ನ ಬೆರಳಿಗಿಂತ ಎಷ್ಟೋ ಮೇಲು.

ಎಣಿಕೆ ಮತ್ತು ವಿಂಗಡಣೆ

ಮೊದಲ ಕೆಲಸವೆಂದರೆ ಎಲ್ಲ ಪುಸ್ತಕಗಳನ್ನೂ ಹೊರತೆಗೆದು ನೆಲದ ಮೇಲೆ ಚಾಪೆ ಹಾಸಿ ಮೂರು ರಾಶಿ ಮಾಡುವುದು: ಓದಲು ಯೋಗ್ಯವಾದವು, ಸರಿಪಡಿಸಬೇಕಾದವು, ತೆಗೆದುಹಾಕಬೇಕಾದವು. ಮೂರನೆಯ ರಾಶಿಯ ನಿರ್ಧಾರವನ್ನು ಮಾತ್ರ ಶಿಕ್ಷಕರೇ ಮಾಡಬೇಕು. ಹಳೆಯ ಗೈಡುಗಳು ಮತ್ತು ಬದಲಾದ ಪಠ್ಯಪುಸ್ತಕಗಳ ಹತ್ತಾರು ಪ್ರತಿಗಳು ಈ ರಾಶಿಯಲ್ಲಿ ಸೇರುವುದರಿಂದ, ಜಾಗವಿಲ್ಲವೆಂದು ಗೊಣಗುತ್ತಿದ್ದ ಕಪಾಟಿನಲ್ಲಿ ಥಟ್ಟನೆ ಜಾಗ ಕಾಣಿಸಿಕೊಳ್ಳುತ್ತದೆ.

ವಿಂಗಡಣೆಯ ನಿಯಮವನ್ನು ಮೊದಲೇ ಹೇಳಿಕೊಡಬೇಡಿ. ಐವತ್ತು ಪುಸ್ತಕಗಳನ್ನು ನಾಲ್ಕು ಗುಂಪುಗಳ ಮುಂದಿಟ್ಟು, ಬೇಕೆಂದಾಗ ಒಂದು ನಿಮಿಷದಲ್ಲಿ ಸಿಗುವಂತೆ ಜೋಡಿಸಿರೆಂದಷ್ಟೇ ಹೇಳಿ. ಒಂದು ಗುಂಪು ಗಾತ್ರದಿಂದ, ಇನ್ನೊಂದು ಬಣ್ಣದಿಂದ, ಮತ್ತೊಂದು ಕಥೆ ಮತ್ತು ಕಥೆಯಲ್ಲದ್ದು ಎಂದು ಜೋಡಿಸುತ್ತದೆ. ಆಮೇಲೆ ಒಂದು ಗುಂಪಿನವರು ಇನ್ನೊಂದು ಗುಂಪಿನ ಜೋಡಣೆಯಲ್ಲಿ ಹಾವುಗಳ ಕುರಿತ ಪುಸ್ತಕ ಹುಡುಕಲಿ. ಈ ಹುಡುಕಾಟದಲ್ಲಿ ಸೋತ ಮೇಲೆಯೇ ವಿಷಯಾನುಸಾರ ಜೋಡಣೆ ಏಕೆ ಬೇಕೆಂಬುದು ಅವರಿಗೆ ಅರ್ಥವಾಗುತ್ತದೆ, ಆಗ 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ ಹತ್ತು ವಿಭಾಗಗಳನ್ನು ತೋರಿಸಬಹುದು. 500 ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ, 398 ಜನಪದ ಎಂಬಷ್ಟು ಗೊತ್ತಾದರೆ ಪ್ರೌಢಶಾಲೆಗೆ ಸಾಕು. ಚಿಕ್ಕ ಮಕ್ಕಳಿಗೆ ಸಂಖ್ಯೆಯ ಬದಲು ಬೆನ್ನಿಗೆ ಬಣ್ಣದ ಕಾಗದದ ಪಟ್ಟಿ ಅಂಟಿಸಿದರೆ ಕೆಲಸ ಸಾಗುತ್ತದೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಎಂಬುದು. ಅವರ ಜನ್ಮದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುವಾಗ ಈ ವಿಂಗಡಣೆಯ ಆಟವನ್ನೇ ಇಟ್ಟುಕೊಂಡರೆ ಪ್ರತ್ಯೇಕ ಭಾಷಣ ಬೇಕಾಗುವುದಿಲ್ಲ.

ಕಥೆ ಮತ್ತು ಕವಿತೆಯ ಸಾಲನ್ನು ಲೇಖಕರ ಹೆಸರಿನಂತೆ ಅಕಾರಾದಿಯಾಗಿ ಜೋಡಿಸುವಾಗ ಒಂದು ತೊಡಕು ಎದುರಾಗುತ್ತದೆ. ಕುಲನಾಮವನ್ನು ಮೊದಲು ಹಿಡಿಯುವ ರೂಢಿಯನ್ನು ನಮ್ಮ ಜಿಲ್ಲೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದರೆ ಶಿರಸಿ ಕಡೆಯ ಒಂದು ಸಾಲಿಡೀ ಹೆಗಡೆ, ಭಟ್ಟರೂ, ಅಂಕೋಲೆಯ ಒಂದು ಸಾಲಿಡೀ ನಾಯಕರೂ ತುಂಬಿಕೊಳ್ಳುತ್ತಾರೆ. ಮುಖಪುಟದ ಮೇಲೆ ಅಚ್ಚಾದ ಹೆಸರಿನ ಮೊದಲ ಅಕ್ಷರವನ್ನೇ ಹಿಡಿಯುವುದು ಮಕ್ಕಳಿಗೆ ಸುಲಭ. ಯಾವುದನ್ನು ಹಿಡಿದರೂ ಅದನ್ನು ಒಂದು ಕಾಗದದ ಮೇಲೆ ಬರೆದು ಕಪಾಟಿನ ಒಳಬದಿಗೆ ಅಂಟಿಸಿಡಿ.

ದಾಖಲೆ ಮತ್ತು ಎರವಲು

ದಾಖಲಾತಿ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ದಿನಾಂಕ, ಶೀರ್ಷಿಕೆ, ಲೇಖಕ, ಪ್ರಕಾಶಕ, ಪ್ರಕಟಣೆಯ ವರ್ಷ, ಬೆಲೆ, ಪುಸ್ತಕ ಬಂದ ಬಗೆ ಇಷ್ಟೂ ಕಲಮುಗಳಿರುತ್ತವೆ. ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಪೆನ್ಸಿಲಿನಲ್ಲಿ ಕರಡು ಬರೆಯಲಿ. ಅಧಿಕೃತ ಪುಸ್ತಕಕ್ಕೆ ಶಿಕ್ಷಕರು ಶಾಯಿಯಲ್ಲಿ ಇಳಿಸಿಕೊಳ್ಳಬೇಕು. ಎರವಲಿನ ವಹಿಯನ್ನಾದರೋ ಪೂರ್ತಿಯಾಗಿ ಮಕ್ಕಳಿಗೇ ಬಿಡಬಹುದು. ಪುಸ್ತಕ ತಡವಾದರೆ ದಂಡ ಹಾಕಬೇಡಿ, ದಂಡಕ್ಕೆ ಹೆದರಿದ ಮಗು ಮತ್ತೆ ಪುಸ್ತಕ ಒಯ್ಯುವುದಿಲ್ಲ.

ಏಳನೆಯ ತರಗತಿಯ ಮೇಲಿನವರಿಗೆ ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಒಳ್ಳೆಯ ಆಟವಾಗುತ್ತದೆ. 2007ರಿಂದ ಇದು ಹದಿಮೂರು ಅಂಕಿಗಳ ಸಂಖ್ಯೆ. ಎಡದಿಂದ ಮೊದಲನೆಯ, ಮೂರನೆಯ, ಐದನೆಯ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಹಾಗೆಯೇ ಇಟ್ಟುಕೊಂಡು, ಸರಿ ಸ್ಥಾನದ ಅಂಕಿಗಳನ್ನು ಮೂರರಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಬರುವ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಭಾಗವಾಗದಿದ್ದರೆ ರಿಜಿಸ್ಟರಿಗೆ ಇಳಿಸುವಾಗ ಎಲ್ಲೋ ಒಂದು ಅಂಕಿ ತಪ್ಪಿದೆಯೆಂದು ಅರ್ಥ. ತಾವು ಬರೆದದ್ದರ ತಪ್ಪನ್ನು ತಾವೇ ಹಿಡಿಯುವ ಈ ಗಣಿತ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಪುಸ್ತಕ ರಿಪೇರಿ: ಮಳೆ ನೋಡಿ ಕೈ ಹಾಕಿ

ರಿಪೇರಿಗೆ ಕಾಲವಿದೆ. ಒಮ್ಮೆ ಜುಲೈ ತಿಂಗಳಲ್ಲಿ ಉತ್ಸಾಹದಿಂದ ಹತ್ತಾರು ಪುಸ್ತಕಗಳಿಗೆ ಮೈದಾ ಅಂಟು ಹಚ್ಚಿಸಿದೆ. ನಾಲ್ಕು ದಿನ ಕಳೆದರೂ ಅಂಟು ಆರಲಿಲ್ಲ, ವಾರದೊಳಗೆ ಹಚ್ಚಿದ ಗೆರೆಯುದ್ದಕ್ಕೂ ಬೂಸ್ಟು ಎದ್ದಿತು. ಮೈದಾ ಎಂದರೆ ಬೂಸ್ಟಿಗೆ ಊಟ ಬಡಿಸಿದಂತೆ. ನವೆಂಬರಿನಿಂದ ಫೆಬ್ರುವರಿಯವರೆಗೆ, ಒಣ ಗಾಳಿ ಬೀಸುವ ದಿನಗಳಲ್ಲಿ ಮಾತ್ರ ಈ ಕೆಲಸ ಇಟ್ಟುಕೊಳ್ಳಿ.

ಒಂದು ಭಾಗ ಮೈದಾಕ್ಕೆ ಐದು ಭಾಗ ನೀರು ಬೆರೆಸಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವುತ್ತ ಕಾಯಿಸಿದರೆ ಬಿಳಿಯ ಬಣ್ಣ ಹೋಗಿ ಗಂಜಿಯಂತೆ ಪಾರದರ್ಶಕವಾಗುತ್ತದೆ. ಕಾಯಿಸುವ ಕೆಲಸವನ್ನು ಬಿಸಿಯೂಟದ ಅಡುಗೆಯವರೋ ಶಿಕ್ಷಕರೋ ಮಾಡಲಿ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಅಂದೇ ಬಳಸಿ ಮುಗಿಸಬೇಕು. ಹಳೆಯ ಬೈಂಡರುಗಳು ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು; ಅದು ವಿಷವಾದ್ದರಿಂದ ಮಕ್ಕಳ ಕೈ ತಾಗುವ ಅಂಟಿಗೆ ಎಂದಿಗೂ ಸಲ್ಲದು.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದನ್ನು ಮೊದಲು ನಿಲ್ಲಿಸಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿದು, ಪಟ್ಟಿ ಮಾತ್ರ ಕಳಚಿ ಬೀಳುತ್ತದೆ. ಅದರ ಬದಲು ಹಾಳೆಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಹರಿದ ಎರಡೂ ಅಂಚುಗಳಿಗೆ ತೆಳುವಾದ ಬ್ರಷಿನಿಂದ ಮೈದಾ ಅಂಟು ಸವರಿ, ಅಂಚುಗಳನ್ನು ಕೂಡಿಸಿ, ಮೇಲೆ ಬೆರಳಗಲದ ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಕೈಯಿಂದಲೇ ಹರಿದು ಹಚ್ಚಬೇಕು. ಕತ್ತರಿಯಿಂದ ಕತ್ತರಿಸಿದ ಅಂಚು ಎದ್ದು ಕಾಣುತ್ತದೆ, ಹರಿದ ಅಂಚು ಕಾಗದದಲ್ಲಿ ಬೆರೆತು ಹೋಗುತ್ತದೆ. ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಪುಸ್ತಕ ಮುಚ್ಚಿ, ರಾತ್ರಿಯಿಡೀ ಭಾರ ಹೇರಿಡಿ. ಮೈದಾ ಅಂಟಿನ ಗುಣವೆಂದರೆ, ತಪ್ಪಾಗಿ ಹಚ್ಚಿದ್ದನ್ನು ಒದ್ದೆ ಹತ್ತಿಯಿಂದ ಮೃದುಮಾಡಿ ತೆಗೆಯಬಹುದು. ಕಲಿಯುವ ಕೈಗೆ ಇದು ಬಹಳ ಮುಖ್ಯ. ಕಳಚಿದ ಒಂಟಿ ಹಾಳೆಯ ಒಳ ಅಂಚಿಗೆ ಮೂರು ಮಿಲಿಮೀಟರಿನಷ್ಟು ಮಾತ್ರ ಅಂಟು ಹಚ್ಚಿ ಒಳಗೆ ಕೂರಿಸಬೇಕು, ಹೆಚ್ಚು ಹಚ್ಚಿದರೆ ಪಕ್ಕದ ಪುಟ ತೆರೆಯುವುದೇ ಇಲ್ಲ.

ಬೂಸ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಇನ್ನಷ್ಟು ಹಬ್ಬುತ್ತದೆ. ಗಾಳಿಯಾಡುವ ನೆರಳಿನಲ್ಲಿ ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಶಾಲೆಯ ಹೊರಗೆ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಣ ಬ್ರಷಿನಿಂದ ಉಜ್ಜಿ ತೆಗೆಯಬೇಕು. ಉಬ್ಬಸ ಇರುವ ಮಕ್ಕಳನ್ನು ಈ ಕೆಲಸದಿಂದ ದೂರವಿಡಿ. ಕಡುಬಿಸಿಲಿಗೆ ಹಾಕಿದರೆ ರಟ್ಟು ಬಾಗುತ್ತದೆ, ಬಣ್ಣ ಮಾಸುತ್ತದೆ. ಕಪಾಟಿನ ಜಾಗವನ್ನೂ ಮಕ್ಕಳೇ ಪರೀಕ್ಷಿಸಲಿ: ಚಿರೆಕಲ್ಲಿನ ಗೋಡೆ ನೀರು ಹೀರುತ್ತದೆ, ಅದರಲ್ಲೂ ಎರಚಲು ಹೊಡೆಯುವ ಪಶ್ಚಿಮದ ಗೋಡೆ ಮಳೆಗಾಲವಿಡೀ ತಣ್ಣಗಿರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ, ಕಾಲುಗಳ ಕೆಳಗೆ ಕಲ್ಲು ಕೊಟ್ಟರೆ ಗೆದ್ದಲಿನ, ಅಂದರೆ ನಮ್ಮ ಒರಲೆಯ, ಮಣ್ಣಿನ ಗೆರೆ ಏರತೊಡಗಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಮಕ್ಕಳು ಮಾಡುವ ಪುಸ್ತಕ

ನಾನು ಅತಿ ಹೆಚ್ಚು ಸಮಯ ಕೊಡುವ ಕೆಲಸವಿದು. ಒಂದು ಎ4 ಹಾಳೆಯಿಂದ ಆರಂಭಿಸಿ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಬಾರಿ ಮಡಚಿ ಬಿಡಿಸಿದರೆ ಎಂಟು ಚೌಕಗಳು ಕಾಣುತ್ತವೆ. ಈಗ ಅಡ್ಡಕ್ಕೆ ಒಂದೇ ಬಾರಿ ಮಡಚಿ, ಮಡಿಕೆಯ ಬದಿಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ ಮಾತ್ರ ಕತ್ತರಿಸಿ. ಬಿಡಿಸಿ ಉದ್ದಕ್ಕೆ ಮಡಚಿ, ಎರಡು ತುದಿಗಳನ್ನು ಒಳಕ್ಕೆ ತಳ್ಳಿದರೆ ನಡುವಿನ ಸೀಳು ತೆರೆದುಕೊಂಡು ಹೊಲಿಗೆ ಅಂಟು ಯಾವುದೂ ಇಲ್ಲದ ಎಂಟು ಪುಟಗಳ ಕಿರುಪುಸ್ತಕ ಸಿದ್ಧವಾಗುತ್ತದೆ. ನಾಲ್ಕನೆಯ ತರಗತಿಯ ಮಕ್ಕಳೂ ಎರಡನೆಯ ಪ್ರಯತ್ನಕ್ಕೆ ಇದನ್ನು ಮಾಡುತ್ತಾರೆ.

ಮುಂದಿನ ಹಂತ ಹೊಲಿಗೆಯದು. ನಾಲ್ಕೈದು ಹಾಳೆಗಳನ್ನು ಒಟ್ಟಿಗೆ ಅರ್ಧಕ್ಕೆ ಮಡಚಿ, ಹೊರಗೆ ದಪ್ಪ ಕಾಗದದ ಹೊದಿಕೆ ಇಟ್ಟು, ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಿ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತೆಗೆದು, ಮೇಲಿನ ತೂತಿನಲ್ಲಿ ಒಳಗೆ ತಂದು, ಒಳಬದಿಯಲ್ಲಿಯೇ ಉದ್ದಕ್ಕೆ ಇಳಿಸಿ ಕೆಳಗಿನ ತೂತಿನಿಂದ ಹೊರಗೆ ತೆಗೆದು, ಮತ್ತೆ ನಡುವಿನ ತೂತಿನಲ್ಲಿ ಒಳಗೆ ತನ್ನಿ. ದಾರದ ಎರಡು ತುದಿಗಳು ಆ ಉದ್ದ ಹೊಲಿಗೆಯ ಎಡಕ್ಕೊಂದು ಬಲಕ್ಕೊಂದು ಇರುವಂತೆ ನೋಡಿಕೊಂಡು ಅದರ ಮೇಲೆ ಗಂಟು ಹಾಕಿದರೆ ಪುಸ್ತಕ ಸಡಿಲವಾಗುವುದಿಲ್ಲ. ಹಾಳೆಯನ್ನು ಮೊದಲು ಎರಡೂ ದಿಕ್ಕಿಗೆ ಮೆಲ್ಲನೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೆಯೋ ಆ ಕಡೆಗೆ ಮಡಚಿದರೆ ಪುಟಗಳು ಮಳೆಗಾಲದಲ್ಲಿ ಸುಕ್ಕುಗಟ್ಟುವುದು ಕಡಿಮೆ.

ಒಳಗೆ ಏನನ್ನು ಬರೆಯಬೇಕೆಂಬುದೇ ನಿಜವಾದ ಪ್ರಶ್ನೆ. ಅಂಗಡಿಯಲ್ಲಿ ಸಿಗದ ಪುಸ್ತಕವನ್ನೇ ಮಾಡಬೇಕೆಂಬುದು ನನ್ನ ನಿಲುವು. ನಮ್ಮ ಶಾಲೆಯಲ್ಲಿ ಮೊದಲು ಮಾಡಿದ್ದು ಮೀನಿನ ಹೆಸರುಗಳ ಪುಸ್ತಕ. ಕಾರವಾರದಲ್ಲಿ ಬಂಗಡೆ ಎಂಬುದು ಮಂಗಳೂರಿನಲ್ಲಿ ಬಂಗುಡೆ. ಇಲ್ಲಿಯ ಇಸ್ವಾಣ ಅಲ್ಲಿಯ ಅಂಜಲ್. ಇಲ್ಲಿ ಶೆಟ್ಲಿ ಎಂದರೆ ಪಠ್ಯಪುಸ್ತಕದ ಸಿಗಡಿ. ಪ್ರತಿ ಹೆಸರಿಗೆ ಒಂದು ಪುಟ, ಒಂದು ಚಿತ್ರ, ಸಿಗುವ ತಿಂಗಳು, ಮನೆಯಲ್ಲಿ ಮಾಡುವ ಅಡುಗೆ ಎಂದು ನಿಗದಿ ಮಾಡಿದ್ದೆವು. ಒಂದು ಹೆಸರನ್ನು ಕನಿಷ್ಠ ಇಬ್ಬರನ್ನು ಕೇಳಿಯೇ ಬರೆಯಬೇಕು, ಇಬ್ಬರೂ ಬೇರೆ ಬೇರೆ ಹೇಳಿದರೆ ಎರಡನ್ನೂ ಊರಿನ ಹೆಸರಿನೊಂದಿಗೆ ಬರೆಯಬೇಕು ಎಂಬುದಷ್ಟೇ ನಿಯಮವಾಗಿತ್ತು. ತರಗತಿಯಲ್ಲಿ ಬಾಯಿ ಬಿಡದಿದ್ದ ಒಬ್ಬ ಹುಡುಗ ಎರಡು ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರುಗಳನ್ನು ತಂದ, ಉಳಿದವರು ಕಾಗುಣಿತಕ್ಕೆ ಅವನನ್ನೇ ಕೇಳತೊಡಗಿದರು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಶಾಲೆಗಳಿಗೆ ತಂಬುಳಿ ಸೊಪ್ಪಿನ ಪುಸ್ತಕ ಹೊಂದುತ್ತದೆ. ಒಂದೆಲಗದಿಂದ ಆರಂಭಿಸಿ, ಮನೆಯಂಗಳದಲ್ಲಿ ಸಿಗುವ ಸೊಪ್ಪುಗಳನ್ನು ಹಳೆಯ ದಿನಪತ್ರಿಕೆಗಳ ನಡುವೆ ಭಾರ ಹೇರಿ ಒಣಗಿಸಿ, ಮೊದಲ ವಾರ ದಿನವೂ ಪತ್ರಿಕೆ ಬದಲಿಸಿ, ಪುಟಕ್ಕೆ ಹೊಲಿದು, ಪಕ್ಕದಲ್ಲಿ ಮನೆಯ ಹಿರಿಯರು ಹೇಳಿದ ವಿಧಾನವನ್ನು ಬರೆಯುವುದು. ಗುರುತು ಖಚಿತವಿಲ್ಲದ ಸೊಪ್ಪನ್ನು ಸೇರಿಸಬಾರದು. ಯಾರೋ ಪುಸ್ತಕ ನೋಡಿ ಅಡುಗೆ ಮಾಡಿಯಾರು.

ಹಾಡು ಮತ್ತು ಕಥೆಗಳ ಸಂಗ್ರಹಕ್ಕೆ ಹೆಚ್ಚು ಎಚ್ಚರ ಬೇಕು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಸಮುದಾಯದ ಹಾಡುಗಳಿಗಾಗಿ. ಅಂಥ ಹಾಡುಗಳು ಇಂದಿಗೂ ಅನೇಕ ಮನೆಗಳಲ್ಲಿ ಅಜ್ಜಿಯರ ನಾಲಗೆಯ ಮೇಲಿವೆ. ಮೊಮ್ಮಕ್ಕಳೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು, ಆದರೆ ಬರೆಯುವ ಮೊದಲು ಅನುಮತಿ ಕೇಳಬೇಕು, ಹಾಡಿದವರ ಹೆಸರನ್ನು ಹಾಡಿನ ಮೇಲೆಯೇ ಬರೆಯಬೇಕು, ಮೊಬೈಲಿನಲ್ಲಿ ಹಂಚಬಾರದು. ಉಚ್ಚಾರವನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದುವ ಆಸೆ ಶಿಕ್ಷಕರಿಗೆ ಬರುತ್ತದೆ. ಅದನ್ನು ತಡೆದುಕೊಳ್ಳಿ.

ಮಳೆಗಾಲದಲ್ಲಿ ಮಾಡಬಹುದಾದದ್ದು ಮಳೆ ಪುಸ್ತಕ. ಹತ್ತು ಸೆಂಟಿಮೀಟರ್ ವ್ಯಾಸದ ಆಳವಾದ ಲಾಳಿಕೆಯನ್ನು ಎರಡು ಲೀಟರಿನ ಬಾಟಲಿಗೆ ಕೂರಿಸಿ, ಮರ ಮತ್ತು ಸೂರಿನಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ ಅಲುಗಾಡದಂತೆ ನಿಲ್ಲಿಸಿ. ಲಾಳಿಕೆಯ ಬಾಯಿಯ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್ ಆಗುವುದರಿಂದ, 78.5 ಮಿಲಿಲೀಟರ್ ನೀರು ಬಿದ್ದರೆ 10 ಮಿಲಿಮೀಟರ್ ಮಳೆಯೆಂದು ಲೆಕ್ಕ. ಒಂದು ಲೀಟರಿನ ಬಾಟಲಿ ನಮ್ಮ ಕಡೆ ಸಾಲದು: ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆಯೆಂದು ಕರೆಯುವ 204.4 ಮಿಲಿಮೀಟರಿಗೂ ಮಿಕ್ಕಿದ ಮಳೆ ಒಂದೇ ದಿನ ಸುರಿದರೆ ಅದು ತುಂಬಿ ಹರಿಯುತ್ತದೆ, ಎರಡು ಲೀಟರಿನದು ಸುಮಾರು 250 ಮಿಲಿಮೀಟರ್ ತಡೆಯುತ್ತದೆ. ಇಲಾಖೆಯ ಅಳತೆ ಬೆಳಿಗ್ಗೆ 8.30ರದು, ಶಾಲೆ ತೆರೆಯುವ ಹೊತ್ತು ಬೇರೆಯಾಗಿದ್ದರೆ ದಿನವೂ ಅದೇ ಹೊತ್ತನ್ನು ಹಿಡಿದು, ಅದನ್ನು ಮೊದಲ ಪುಟದಲ್ಲಿ ನಮೂದಿಸಿದರೆ ಸಾಕು. ದಿನಾಂಕದ ಪಕ್ಕದಲ್ಲಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆ ನಕ್ಷತ್ರವನ್ನೂ ಬರೆಸಿ, ಆ ಮಳೆಯ ಬಗ್ಗೆ ಮನೆಯಲ್ಲಿ ಕೇಳಿದ ಗಾದೆಗೆ ಒಂದು ಕಲಮು ಬಿಡಿ. ಮೂರು ವರ್ಷಗಳ ಪುಸ್ತಕಗಳು ಸೇರಿದಾಗ ಮಕ್ಕಳು ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ಗಾದೆ ನಿಜವೋ ಸುಳ್ಳೋ ಎಂದು ವಾದಿಸತೊಡಗುತ್ತಾರೆ.

ಇವೆಲ್ಲ ಪುಸ್ತಕಗಳಿಗೂ ಕೊಂಡ ಪುಸ್ತಕದಂತೆಯೇ ದಾಖಲಾತಿ ಸಂಖ್ಯೆ ಕೊಟ್ಟು, ಬೆನ್ನಿಗೆ ಬಣ್ಣದ ಪಟ್ಟಿ ಹಚ್ಚಿ, ಅದೇ ಕಪಾಟಿನಲ್ಲಿ ಸೇರಿಸಬೇಕು. ಪ್ರದರ್ಶನದ ಮೇಜಿನ ಮೇಲೆ ಬೇರೆಯಾಗಿ ಇಟ್ಟರೆ ಅದು ಮತ್ತೆ ಗೋಡೆಗೆ ಅಂಟಿಸಿದ ಬಣ್ಣದ ಕಾಗದವೇ ಆಗುತ್ತದೆ.

ಹುಡುಕುವ ಆಟ

ಕಪಾಟು ಸಿದ್ಧವಾದ ಮೇಲೆ ವಾರಕ್ಕೊಂದು ಪ್ರಶ್ನೆಯನ್ನು ಬಾಗಿಲಿಗೆ ಅಂಟಿಸಿ. ಒಂದು ಪುಸ್ತಕದಿಂದ ನಕಲು ಮಾಡಿ ಮುಗಿಸಲಾಗದಂಥ ಪ್ರಶ್ನೆಯಾಗಿರಲಿ. ಅಂಕೋಲೆಯಲ್ಲಿ 1930ರಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಬಗ್ಗೆ ಎರಡು ಪುಸ್ತಕಗಳಲ್ಲಿ ಹುಡುಕಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಂಗತಿ ಯಾವುದೆಂದು ಕೇಳಬಹುದು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ, ಹಳೆಯ ನಕ್ಷೆಯಲ್ಲಿ ಕಾರವಾರ ಯಾವ ಬಣ್ಣದಲ್ಲಿದೆ ಎಂಬ ಪ್ರಶ್ನೆಯೂ ಒಂದು ವಾರ ಸಾಗುತ್ತದೆ. ಉತ್ತರದೊಂದಿಗೆ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಕಡ್ಡಾಯ. ಶಾಲೆಯಲ್ಲಿ ಸಿಗದಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಒಂದು ಸಂಜೆ ಕರೆದುಕೊಂಡು ಹೋಗಿ.

ಏಪ್ರಿಲ್: ಮುಚ್ಚುವ ಮುನ್ನ

ಬೇಸಗೆ ರಜೆಗೆ ವಾರವಿರುವಾಗ ಎರವಲು ಹೋದವನ್ನು ಮರಳಿ ತರಿಸಿ, ತಂಡದವರು ರಿಜಿಸ್ಟರ್ ಹಿಡಿದು ಒಂದೊಂದನ್ನೇ ಎಣಿಸಬೇಕು. ಸಿಗದ ಪುಸ್ತಕಗಳ ಪಟ್ಟಿಯನ್ನು ಅವರೇ ಬರೆದು ಎಸ್‌ಡಿಎಂಸಿ ಸಭೆಯಲ್ಲಿ ಓದಲಿ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಮಳೆ ಬಾಗಿಲಲ್ಲಿರುತ್ತದೆ. ಆದ್ದರಿಂದ ಕೆಳಗಿನ ಸಾಲನ್ನು ಖಾಲಿ ಮಾಡಿ ಪುಸ್ತಕಗಳನ್ನು ಮೇಲಿನ ಸಾಲುಗಳಿಗೆ ಏರಿಸಿ, ನಡುವೆ ಬೆರಳು ತೂರುವಷ್ಟು ಸಡಿಲ ಬಿಟ್ಟು, ಸಾಲಿಗೊಂದು ಬಟ್ಟೆಯ ಗಂಟಿನಲ್ಲಿ ಬಜೆಯ ತುಂಡುಗಳನ್ನು ಇಡುವುದು ನಮ್ಮ ಹಿರಿಯರ ರೂಢಿ. ಕೊನೆಯ ದಿನ ಏಳನೆಯ ತರಗತಿಯ ಇಬ್ಬರಿಗೆ ಕೀಲಿ ಇರುವ ಜಾಗವನ್ನು ತೋರಿಸಿ, ಜೂನ್ ಮೊದಲ ವಾರದ ಎರಡು ಕೆಲಸಗಳನ್ನು ಬರೆದುಕೊಡಿ: ಗೋಡೆಯ ಬದಿಯಲ್ಲಿ ಒರಲೆಯ ಮಣ್ಣು ಎದ್ದಿದೆಯೇ ಎಂದು ನೋಡುವುದು, ಮಳೆಯ ಬಾಟಲಿಯನ್ನು ತೊಳೆದು ಹೊರಗೆ ನಿಲ್ಲಿಸುವುದು.